ಹುಡುಗರಿಗೂ ಬರುತ್ತದೆ ಈ ಕಾಯಿಲೆ: ಮಗನ ಅನೋರೆಕ್ಸಿಯಾ ಚಿಕಿತ್ಸೆ ಮುಗಿಸಿದ ಅಮ್ಮ ಬರೆದದ್ದು

ಹೋದ ತಿಂಗಳು ಮಗನ ಥೆರಪಿಯ ಕೊನೆಯ ಭೇಟಿ ಮುಗಿಯಿತು. ಇನ್ನು ಕೆಲವು ತಿಂಗಳಿಗೊಮ್ಮೆ ತಪಾಸಣೆಗೆ ಬಂದರೆ ಸಾಕು ಅಂದಿದ್ದಾರೆ. ಅವನಿಗೆ ಇದ್ದದ್ದು ಅನೋರೆಕ್ಸಿಯಾ, ಅಂದರೆ ದಪ್ಪ ಆಗುವ ಭಯಕ್ಕೆ ಊಟ ಕಡಿಮೆ ಮಾಡುತ್ತಲೇ ಹೋಗುವ ಮಾನಸಿಕ ಕಾಯಿಲೆ. ಶುರುವಾದಾಗ 14 ವರ್ಷ. ಹದಿಹರೆಯದ ಮಕ್ಕಳ ಊಟದ ಕಾಯಿಲೆಗಳ ಬಗ್ಗೆ ಆಗ ನಮಗೆ ಕೇಳಿ ಗೊತ್ತಿದ್ದದ್ದು ಬಹಳ ಕಡಿಮೆ. ಈಗ ಅದೇ ಜಾಗದಲ್ಲಿ ನಿಂತಿರುವ ಅಪ್ಪ ಅಮ್ಮಂದಿರಿಗೆ ಸ್ವಲ್ಪವಾದರೂ ದಾರಿ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಮಗ ಓದಿ, ಎರಡು ಕಡೆ ತಿದ್ದಿಸಿ, ಆಮೇಲೆ ಒಪ್ಪಿದ್ದಾನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಅವನ ತೂಕ ಎಷ್ಟಿತ್ತು, ಎಷ್ಟು ಕ್ಯಾಲೊರಿ ತಿನ್ನುತ್ತಿದ್ದ ಅನ್ನುವ ಅಂಕಿ ಎಲ್ಲೂ ಇಲ್ಲ. ಬೇಕಂತಲೇ ಬಿಟ್ಟಿದ್ದೇನೆ. ಈ ಕಾಯಿಲೆ ಇರುವ ಮಕ್ಕಳು ಇಂಥ ಬರಹ ಹುಡುಕಿ ಓದುತ್ತಾರೆ. ಅಂಕಿ ಕಂಡರೆ ತಮ್ಮದರ ಜೊತೆ ಹೋಲಿಸಿ ನೋಡಿಕೊಳ್ಳುತ್ತಾರೆ.

ಅವನು ಚಿಕ್ಕಂದಿನಿಂದ ಗುಂಡುಗುಂಡಾಗಿದ್ದ ಹುಡುಗ. ಶಾಲೆಯಲ್ಲಿ ಅದಕ್ಕೆ ಅಡ್ಡಹೆಸರೂ ಇತ್ತು. ಒಂದು ರಜೆಯಲ್ಲಿ "ಇನ್ಮೇಲೆ ಸಿಹಿ ತಿನ್ನಲ್ಲಮ್ಮ" ಅಂದ. ಬೆಳಿಗ್ಗೆ ಎದ್ದು ಓಡಲು ಶುರು ಮಾಡಿದ. ಸಿಹಿ ಆದ ಮೇಲೆ ಎಣ್ಣೆ ಹೋಯಿತು. ಎಣ್ಣೆ ಆದ ಮೇಲೆ ರಾತ್ರಿಯ ಊಟ ಅರ್ಧವಾಯಿತು. ಕೊನೆಕೊನೆಗೆ ಅವನ ಕಣ್ಣೆದುರು ಅಳತೆ ಮಾಡಿ ಬೇಯಿಸದ ಯಾವುದನ್ನೂ ಮುಟ್ಟುತ್ತಿರಲಿಲ್ಲ. ನೆಂಟರು, ನೆರೆಯವರು, ಶಾಲೆಯ ಆಟದ ಮೇಷ್ಟ್ರು ಎಲ್ಲರೂ ಹೊಗಳಿದರು. ದಪ್ಪ ಇದ್ದ ಹುಡುಗ ತೆಳ್ಳಗಾದರೆ ಯಾರಿಗೆ ತಾನೇ ಕಾಯಿಲೆ ಅನಿಸುತ್ತದೆ?

ನನಗೆ ಅನುಮಾನ ಬಂದದ್ದು ತೂಕದಿಂದಲ್ಲ. ಹೋದ ವರ್ಷದ ಪ್ಯಾಂಟು ಉದ್ದದಲ್ಲಿ ಇನ್ನೂ ಸರಿಹೋಗುತ್ತಿತ್ತು. ಸೊಂಟದಲ್ಲಿ ಸಡಿಲ, ಆದರೆ ಕಾಲಿನ ಹತ್ತಿರ ಒಂದು ಬೆರಳಿನಷ್ಟೂ ಗಿಡ್ಡ ಆಗಿರಲಿಲ್ಲ. ಆ ವಯಸ್ಸಿನ ಹುಡುಗನಿಗೆ ಹಾಗಾಗಬಾರದು. ಅವನ ಗೆಳೆಯರೆಲ್ಲ ನನ್ನ ತಲೆ ದಾಟಿ ಬೆಳೆದಿದ್ದರು. ಆಮೇಲೆ ಗಮನಿಸಿದರೆ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡಿರುತ್ತಿದ್ದ. ಕೈ ಹಿಡಿದರೆ ತಣ್ಣಗೆ. ಗೆಳೆಯರ ಫೋನ್ ಎತ್ತುತ್ತಿರಲಿಲ್ಲ. ಆದರೆ ಗಂಟೆಗಟ್ಟಲೆ ಅಡುಗೆ ವಿಡಿಯೋ ನೋಡುತ್ತಿದ್ದ. ಮನೆಯವರಿಗೆಲ್ಲ ತಾನೇ ಅಡುಗೆ ಮಾಡಿ, ಎದುರು ನಿಂತು ತಿನ್ನಿಸಿ, ತಾನು ಮಾತ್ರ "ರುಚಿ ನೋಡುವಾಗಲೇ ಹೊಟ್ಟೆ ತುಂಬ್ತು" ಅನ್ನುತ್ತಿದ್ದ.

ಮೊದಲು ತೋರಿಸಿದ ಡಾಕ್ಟರು ಎತ್ತರ, ತೂಕ ನೋಡಿ ಪಟ್ಟಿಯಲ್ಲಿ ಹುಡುಕಿದರು. ತೂಕ "ನಾರ್ಮಲ್" ಸಾಲಿನಲ್ಲಿತ್ತು. ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ಎಲ್ಲ ಸರಿ ಇತ್ತು. ನಾಡಿ ನಿಧಾನ ಇದೆಯಲ್ಲ ಅಂತ ಕೇಳಿದ್ದಕ್ಕೆ, ಓಡುವ ಹುಡುಗರಿಗೆ ಹಾಗೇ ಇರುತ್ತದೆ, ಏನೂ ಇಲ್ಲ, ಚೆನ್ನಾಗಿ ತಿನ್ನು ಅಂತ ಹೇಳಿ ಕಳಿಸಿದರು. ಮಗ ಮನೆಗೆ ಬರುವಾಗ ದಾರಿಯುದ್ದಕ್ಕೂ ಖುಷಿಯಾಗಿದ್ದ. "ನೋಡಿದ್ಯಾ ಅಮ್ಮ, ಡಾಕ್ಟ್ರೇ ಹೇಳಿದ್ರು." ಆ ನಾರ್ಮಲ್ ರಿಪೋರ್ಟು ನಮ್ಮ ಎಷ್ಟೋ ವಾರ ತಿಂದುಹಾಕಿತು. ಊಟದ ಪ್ರತಿ ಜಗಳದಲ್ಲೂ ಅವನು ಅದನ್ನೇ ತಂದು ಮುಂದಿಡುತ್ತಿದ್ದ.

ಈ ಕಾಯಿಲೆಯಲ್ಲಿ ರಕ್ತ ಪರೀಕ್ಷೆ ತುಂಬ ದಿನ ಸರಿಯಾಗೇ ಬರಬಹುದು. ದೇಹ ತನ್ನ ಸ್ನಾಯು, ಮೂಳೆ, ಬೆಳವಣಿಗೆ ಎಲ್ಲವನ್ನೂ ಬಿಟ್ಟುಕೊಟ್ಟು ರಕ್ತದ ಲೆಕ್ಕವನ್ನು ಸರಿದೂಗಿಸುತ್ತಿರುತ್ತದೆ. ಹಾಗಾಗಿ ರಿಪೋರ್ಟ್ ಚೆನ್ನಾಗಿದೆ ಅಂತ ಸುಮ್ಮನಾಗಬೇಡಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ನಾಡಿ ಮತ್ತು ಬಿಪಿ ನೋಡಿ ಅಂತ ಬಾಯಿಬಿಟ್ಟು ಕೇಳಿ. ಇಸಿಜಿ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯಲ್ಲ.

ಹದಿಹರೆಯದವರನ್ನು ನೋಡುವ ಇನ್ನೊಬ್ಬ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಕಾದೆವು. ಫೋನಿನಲ್ಲೇ ಅವರು ಹಳೇ ದಾಖಲೆ ಎಲ್ಲ ತನ್ನಿ ಅಂದಿದ್ದರು. ಲಸಿಕೆ ಕಾರ್ಡು, ಶಾಲೆಯ ಆರೋಗ್ಯ ತಪಾಸಣೆಯ ಹಾಳೆಗಳು, ಹಿಂದೆ ಜ್ವರಕ್ಕೆ ತೋರಿಸಿದ ಚೀಟಿಗಳು, ಹೀಗೆ ಎತ್ತರ ತೂಕ ಬರೆದಿದ್ದ ಎಲ್ಲವನ್ನೂ ಹುಡುಕಿ ತೆಗೆದುಕೊಂಡು ಹೋದೆ. ಅವರು ಒಂದೊಂದನ್ನೂ ಗ್ರೋತ್ ಚಾರ್ಟಿನಲ್ಲಿ ಚುಕ್ಕೆ ಇಟ್ಟು ಸೇರಿಸಿದರು. ಹುಟ್ಟಿದಾಗಿನಿಂದ 13 ವರ್ಷದವರೆಗೆ ಅವನದೇ ಒಂದು ಗೆರೆ, ಮೇಲ್ಭಾಗದಲ್ಲಿ ಸಮನಾಗಿ ಏರುತ್ತಾ ಬಂದಿತ್ತು. ಆಮೇಲೆ ತೂಕದ ಗೆರೆ ಒಂದೇ ಸಲ ಕೆಳಕ್ಕೆ ಬಿದ್ದಿತ್ತು. ಎತ್ತರದ ಗೆರೆ ಮಲಗಿಬಿಟ್ಟಿತ್ತು. "ಬೇರೆ ಮಕ್ಕಳಿಗೆ ಹೋಲಿಸಿದರೆ ತೂಕ ಸರಿ ಅನಿಸುತ್ತೆ. ಇವನ ದೇಹಕ್ಕೆ ಇದು ಉಪವಾಸ" ಅಂದರು. ಪಟ್ಟಿಯ ಪ್ರಕಾರ ತೂಕ ಕಡಿಮೆ ಇಲ್ಲದಿದ್ದರೂ ಉಳಿದ ಎಲ್ಲ ಲಕ್ಷಣ ಇರುವುದಕ್ಕೆ ಎಟಿಪಿಕಲ್, ಅಂದರೆ ಮಾಮೂಲಿ ರೂಪದ್ದಲ್ಲದ, ಅನೋರೆಕ್ಸಿಯಾ ಅನ್ನುತ್ತಾರೆ. ಹೆಸರಿನಲ್ಲಿ ಎಟಿಪಿಕಲ್ ಅಂತ ಇದ್ದರೂ ಅಪಾಯ ಏನೂ ಕಡಿಮೆ ಇಲ್ಲ. ಎಷ್ಟು ತೂಕ ಹೋಯಿತು, ಎಷ್ಟು ಬೇಗ ಹೋಯಿತು ಅನ್ನುವುದು ಮುಖ್ಯ.

ಹಾಸಿಗೆಯ ಮೇಲೆ ಮಲಗಿಸಿ ಇಸಿಜಿ ತೆಗೆದರು. ಪರದೆಯಲ್ಲಿ ಒಂದು ಬಡಿತ ಬಂದು, ಇನ್ನೊಂದು ಬರುವಷ್ಟರಲ್ಲಿ ನಾನು ಉಸಿರು ಹಿಡಿದಿದ್ದೆ. ನಿಮಿಷಕ್ಕೆ ನಲವತ್ತರ ಆಸುಪಾಸು. ಎಚ್ಚರ ಇರುವಾಗ ಹಗಲಲ್ಲಿ ನಾಡಿ 50ಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಗೆ ಸೇರಿಸುವ ಬಗ್ಗೆ ಯೋಚಿಸಬೇಕು ಅನ್ನುವುದು ಹದಿಹರೆಯದವರ ವೈದ್ಯಕೀಯದಲ್ಲಿ ರೂಢಿಯಲ್ಲಿರುವ ಮಾನದಂಡ. ಎದ್ದು ನಿಲ್ಲಿಸಿದಾಗ ಬಿಪಿ ಕುಸಿದು ಅವನಿಗೆ ಕಣ್ಣು ಕತ್ತಲೆ ಬಂತು. ಮನೆಗೆ ಹೋಗಿ ಬಟ್ಟೆ ತರುತ್ತೇವೆ ಅಂದೆವು. ಒಬ್ಬರು ಹೋಗಿ ಬನ್ನಿ, ಹುಡುಗ ಇಲ್ಲೇ ಇರಲಿ ಅಂದರು.

ಅಲ್ಲಿ ಒಂದು ವಿಚಾರ ಕೇಳಿ ನನಗೆ ನಿಜಕ್ಕೂ ಸಮಾಧಾನ ಆಯಿತು. 1689ರಲ್ಲಿ ರಿಚರ್ಡ್ ಮಾರ್ಟನ್ ಅನ್ನುವ ಇಂಗ್ಲಿಷ್ ವೈದ್ಯ ಇಂಥ ಕಾಯಿಲೆಯ ಬಗ್ಗೆ ಬರೆದಾಗ ಇಬ್ಬರು ರೋಗಿಗಳ ಕಥೆ ಹೇಳಿದ್ದನಂತೆ. ಅವರಲ್ಲೊಬ್ಬ 16 ವರ್ಷದ ಹುಡುಗ. ಅಂದರೆ ಹುಡುಗರು ಮೊದಲಿನಿಂದಲೂ ಇದ್ದರು. ಆದರೂ ಅನೋರೆಕ್ಸಿಯಾ ಅಂತ ಹೇಳಲು ಮುಟ್ಟು ನಿಂತಿರಬೇಕು ಅನ್ನುವ ನಿಯಮ ಅಮೆರಿಕದ ಮನೋವೈದ್ಯರ ಕೈಪಿಡಿಯಿಂದ ಹೋದದ್ದು 2013ರಲ್ಲಿ. ನಾವು ತುಂಬಿದ ಫಾರ್ಮುಗಳಲ್ಲೂ ಅರ್ಧ ಪ್ರಶ್ನೆ ಹುಡುಗಿಯರಿಗೆ ಬರೆದವೇ ಆಗಿದ್ದವು. ಮಗ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿದ. ನಿಮ್ಮ ಮಗನಿಗೂ ಇದೇ ಆದರೆ, ಹುಡುಗರಿಗೂ ಬರುವ ಕಾಯಿಲೆ ಇದು ಅಂತ ಡಾಕ್ಟರ ಬಾಯಿಂದಲೇ ಅವನಿಗೆ ಹೇಳಿಸಿ. ಅಮ್ಮ ಹೇಳಿದರೆ ನಾಟುವುದಿಲ್ಲ.

ಆಸ್ಪತ್ರೆಯಲ್ಲಿ ನಡೆದದ್ದು ಹೃದಯ ಮತ್ತು ರಕ್ತವನ್ನು ಹದಕ್ಕೆ ತರುವ ಕೆಲಸ ಅಷ್ಟೇ. ತುಂಬ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಅದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಹಾಗಾಗಿ ಮೊದಮೊದಲು ದಿನಾ ರಕ್ತ ತೆಗೆಯುತ್ತಿದ್ದರು, ಊಟ ಹಂತಹಂತವಾಗಿ ಏರಿಸುತ್ತಿದ್ದರು. ತುಂಬ ತೂಕ ಕಳೆದುಕೊಂಡ ಮಗುವಿಗೆ ಮನೆಯಲ್ಲೇ ಜೋರಾಗಿ ತಿನ್ನಿಸಲು ಹೊರಡುವ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ಕಾಲಿನ ಪಾದ ಸ್ವಲ್ಪ ಊದಿಕೊಂಡವು. ಅವನು ಅದನ್ನೇ ದಪ್ಪ ಆದೆ ಅಂತ ತಿಳಿದು ಅತ್ತ. ನೀರು ನಿಂತದ್ದು ಅದು, ಇಳಿಯುತ್ತದೆ ಅಂತ ನರ್ಸ್ ಪ್ರತಿ ದಿನ ತಾಳ್ಮೆಯಿಂದ ಹೇಳುತ್ತಿದ್ದರು.

ಖರ್ಚಿನ ವಿಷಯ. ಬಿಲ್ಲಿನಲ್ಲಿ ದೊಡ್ಡದು ವಾರ್ಡಿನದು, ಆಮೇಲೆ ದಿನಾ ಮಾಡುವ ರಕ್ತ ಪರೀಕ್ಷೆ. ಆದರೆ ನಮ್ಮನ್ನು ಜಾಸ್ತಿ ಹಿಂಡಿದ್ದು ಕಾಗದದಲ್ಲಿ ಕಾಣದ ಖರ್ಚು. ಮನೆಗೆ ಬಂದ ಮೇಲೆ ಪ್ರತಿ ಊಟಕ್ಕೂ ಒಬ್ಬರು ಎದುರಿಗೆ ಕೂರಬೇಕು. ನಾನು ಸಂಬಳವಿಲ್ಲದ ರಜೆ ಹಾಕಿದೆ, ಗಂಡ ಕೆಲಸದ ಹೊತ್ತು ಬದಲಾಯಿಸಿಕೊಂಡರು. ಇದಕ್ಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಿಮೆಯವರು ಮೊದಲ ಸಲ ಅರ್ಜಿ ವಾಪಸ್ ಕಳಿಸಿದರು, ಮಾನಸಿಕ ಕಾಯಿಲೆ ಅಂತ. ಡಿಸ್ಚಾರ್ಜ್ ಸಮರಿಯಲ್ಲಿ ಊಟದ ಕಾಯಿಲೆಯ ಹೆಸರು ಮಾತ್ರ ಇತ್ತು. ಹೃದಯ ಬಡಿತ ನಿಧಾನವಾಗಿತ್ತು, ಬಿಪಿ ಕುಸಿಯುತ್ತಿತ್ತು, ಅಪೌಷ್ಟಿಕತೆ ಇತ್ತು ಅನ್ನುವುದೂ ನಿಜ ತಾನೇ. ಅದನ್ನೂ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ, ಇಸಿಜಿ ಪ್ರತಿ ಲಗತ್ತಿಸಿ ಮತ್ತೆ ಕಳಿಸಿದ ಮೇಲೆ ಒಪ್ಪಿದರು. ಆಸ್ಪತ್ರೆ ಬಿಡುವ ಮುಂಚೆಯೇ ಸಮರಿ ಓದಿ ನೋಡಿ. ಆಮೇಲೆ ತಿದ್ದಿಸಲು ಅಲೆಯುವುದು ಕಷ್ಟ.

ಮನೆಗೆ ಬಂದಾಗ ಅರ್ಧ ದಾರಿ ಮುಗಿಯಿತು ಅಂದುಕೊಂಡಿದ್ದೆವು. ಡಾಕ್ಟರು "ಈಗ ಚಿಕಿತ್ಸೆ ಶುರು" ಅಂದರು. ಥೆರಪಿಸ್ಟ್ ಸಿಗಲು ಮತ್ತೆ ಕಾಯುವ ಸಾಲು. ಹದಿಹರೆಯದವರ ಅನೋರೆಕ್ಸಿಯಾಗೆ ಹೆಚ್ಚು ಪುರಾವೆ ಇರುವುದು ಕುಟುಂಬವನ್ನೇ ಆಧರಿಸಿದ ಚಿಕಿತ್ಸೆಗೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದರಿಂದ ಮಾಡ್ಸ್ಲಿ ವಿಧಾನ ಅಂತಲೂ ಕರೆಯುತ್ತಾರೆ. ಇದರಲ್ಲಿ ಮೂರು ಹಂತ. ಮೊದಲು ಏನು, ಎಷ್ಟು, ಯಾವಾಗ ತಿನ್ನಬೇಕು ಅನ್ನುವುದು ಪೂರ್ತಿ ಅಪ್ಪ ಅಮ್ಮನ ಕೈಯಲ್ಲಿ. ತೂಕ ದಾರಿಗೆ ಬಂದ ಮೇಲೆ ನಿಧಾನವಾಗಿ ಮಗುವಿನ ಕೈಗೆ ವಾಪಸ್. ಕೊನೆಗೆ ಆ ವಯಸ್ಸಿನ ಉಳಿದ ಸಂಗತಿಗಳು: ಗೆಳೆಯರು, ಓದು, ತನ್ನ ದೇಹದ ಬಗ್ಗೆ ತನಗಿರುವ ಭಾವನೆ. ಸಾಮಾನ್ಯವಾಗಿ 6ರಿಂದ 12 ತಿಂಗಳು ಹಿಡಿಯುತ್ತದೆ. ನಮಗೆ ಅದಕ್ಕಿಂತ ಜಾಸ್ತಿ ಹಿಡಿಯಿತು.

ಮೊದಲ ಭೇಟಿಯಲ್ಲೇ ನಾನು ಯಾಕೆ ಬಂತು ಅಂತ ಕೇಳಿದೆ. ಅಡ್ಡಹೆಸರಾ, ಫೋನಾ, ನಮ್ಮ ಮನೆಯ ಮಾತಾ? ಥೆರಪಿಸ್ಟ್ ಹೇಳಿದ್ದು ಇಷ್ಟು: ವಂಶವಾಹಿಯ ಪಾಲು ದೊಡ್ಡದು, ಸ್ವಭಾವದ ಪಾಲಿದೆ, ಸುತ್ತಲಿನ ಮಾತಿನ ಪಾಲಿದೆ. ಯಾವುದಾದರೂ ಕಾರಣಕ್ಕೆ ಊಟ ಕಡಿಮೆಯಾದರೆ, ಒಲವು ಮೊದಲೇ ಇರುವ ಮಕ್ಕಳಲ್ಲಿ ಆ ಹಸಿವೇ ಕಾಯಿಲೆಯನ್ನು ಮುಂದಕ್ಕೆ ತಳ್ಳುತ್ತದೆ. ಕಾರಣ ಹುಡುಕುತ್ತಾ ಕೂತರೆ ಹಸಿವು ಮುಂದುವರಿಯುತ್ತದೆ. ಮೊದಲು ಊಟ, ಆಮೇಲೆ ಮಾತು. ನನ್ನ ಪಾಲಿಗೆ ಇಡೀ ಚಿಕಿತ್ಸೆಯ ತಿರುಳು ಇದೇ.

ಅವರು ಮಿನೆಸೋಟಾ ಪ್ರಯೋಗದ ಬಗ್ಗೆಯೂ ಹೇಳಿದರು. 1944–45ರಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆ ಪಡೆದೇ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟ. ಅವರಲ್ಲಿ ಯಾರೂ ತೆಳ್ಳಗಾಗಬೇಕು ಅಂತ ಬಂದವರಲ್ಲ. ಆದರೂ ಊಟದ ಯೋಚನೆಯಲ್ಲೇ ಮುಳುಗಿದರು. ಅಡುಗೆ ಪುಸ್ತಕ ಸಂಗ್ರಹಿಸಿದರು, ತಟ್ಟೆಯ ಮುಂದೆ ಬಹಳ ಹೊತ್ತು ಕೂತರು, ಚಳಿ ಅಂದರು, ಸಿಡುಕಿದರು, ಜನರಿಂದ ದೂರ ಸರಿದರು. ಕೇಳುತ್ತಾ ಕೇಳುತ್ತಾ ನಾನು ಮಗನ ಮುಖ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಅಡುಗೆ ವಿಡಿಯೋ, ಸ್ವೆಟರ್, ಎತ್ತದ ಫೋನು ಎಲ್ಲ ಹಸಿವಿನ ಲಕ್ಷಣಗಳು ಅಂತ ಇಬ್ಬರಿಗೂ ಒಟ್ಟಿಗೆ ಗೊತ್ತಾಯಿತು.

ಊಟದ ಮೇಜು ಮಾತ್ರ ದಿನಾ ಯುದ್ಧ. ದಿನಕ್ಕೆ ಮೂರು ಊಟ, ಮಧ್ಯೆ ಮೂರು ಸಲ ತಿಂಡಿ. ತಟ್ಟೆಗೆ ಬಡಿಸುವುದು ನಾನು. ಅವನು ಪ್ರತಿ ತುತ್ತನ್ನೂ ಉಗುರಿನಷ್ಟು ಸಣ್ಣದಾಗಿ ಹರಿದು, ತಟ್ಟೆಯ ಅಂಚಿಗೆ ಜೋಡಿಸಿ, ಎಣ್ಣೆ ಕಂಡರೆ ಬೆರಳನ್ನು ತಟ್ಟೆಗೆ ಒರೆಸುತ್ತಿದ್ದ. ಒಂದು ರಾತ್ರಿ ಲೋಟದ ಹಾಲು ಗೋಡೆಗೆ ಹೋಯಿತು. "ನೀನು ನನ್ನಮ್ಮ ಅಲ್ಲ" ಅಂದ. ನಾನು ನೆಲ ಒರೆಸಿ ಇನ್ನೊಂದು ಲೋಟ ಹಾಲು ತಂದಿಟ್ಟೆ. ಕೈ ನಡುಗುತ್ತಿತ್ತು. ಥೆರಪಿಸ್ಟ್ ಹೇಳಿಕೊಟ್ಟ ಮಾತನ್ನೇ ಹೇಳಿದೆ: "ನಿಂಗೆ ಎಷ್ಟು ಭಯ ಆಗ್ತಿದೆ ಅಂತ ಗೊತ್ತು ಕಣೋ. ಆದ್ರೂ ಇದನ್ನ ಕುಡೀಲೇಬೇಕು. ನಾನೆಲ್ಲೂ ಹೋಗಲ್ಲ, ಇಲ್ಲೇ ಕೂತಿರ್ತೀನಿ." ತುಂಬ ಹೊತ್ತಾಯಿತು. ಕುಡಿದ.

ಮೇಜಿನ ಮುಂದೆ ನಮಗೆ ಉಪಯೋಗಕ್ಕೆ ಬಂದ ಕೆಲವು ವಿಷಯ ಹೇಳುತ್ತೇನೆ. ಇದರಲ್ಲಿ ಎಷ್ಟು ಕೊಬ್ಬಿದೆ, ಎಷ್ಟು ಹಾಕಿದ್ದೀಯ ಅನ್ನುವ ಚರ್ಚೆಗೆ ಇಳಿಯಬಾರದು. ಅಲ್ಲಿ ಕಾಯಿಲೆಯೇ ಗೆಲ್ಲುತ್ತದೆ. ಅಪ್ಪ ಒಂದು, ಅಮ್ಮ ಇನ್ನೊಂದು ಹೇಳಬಾರದು. ನಾವಿಬ್ಬರೂ ಏನೇ ಭಿನ್ನಾಭಿಪ್ರಾಯ ಇದ್ದರೂ ಅವನು ಮಲಗಿದ ಮೇಲೆ ಮಾತಾಡುತ್ತಿದ್ದೆವು. ಊಟವಾದ ಮೇಲೆ ಒಂದು ಗಂಟೆ ಜೊತೆಗೇ ಇರುತ್ತಿದ್ದೆವು, ಇಸ್ಪೀಟು ಆಡುವುದೋ ಮತ್ತೊಂದೋ. ಆ ಹೊತ್ತಲ್ಲೇ ಸಂಕಟ ಜಾಸ್ತಿ. ತೂಕವನ್ನು ಕ್ಲಿನಿಕ್ಕಿನಲ್ಲಿ ಮಾತ್ರ ನೋಡಬೇಕು. ಮನೆಯ ತೂಕದ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟೆವು.

ಶಾಲೆಗೆ ಎರಡು ಪತ್ರ ಬೇಕಾಯಿತು. ಡಾಕ್ಟರು ಹೇಳುವವರೆಗೆ ಓಟ, ಆಟ ಎರಡೂ ಬೇಡ ಅಂತ ಒಂದು. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯವರು ಬಂದು ಜೊತೆಗೆ ಕೂರಲು ಅನುಮತಿ ಕೊಡಿ ಅಂತ ಇನ್ನೊಂದು. ಕೆಲವು ವಾರ ಶಾಲೆಯ ಖಾಲಿ ಕೊಠಡಿಯಲ್ಲಿ ಅವನ ಅಪ್ಪ ಅವನ ಜೊತೆ ಊಟ ಮಾಡಿದರು. ತರಗತಿಯಲ್ಲಿ ಎತ್ತರ ತೂಕ ಅಳೆಯುವ ದಿನ, ಆಹಾರದ ಡೈರಿ ಬರೆಯುವ ಪ್ರಾಜೆಕ್ಟ್ ಇದ್ದರೆ ಅವನನ್ನು ಬಿಡಿ ಅಂತಲೂ ಕೇಳಿಕೊಳ್ಳಿ. ಇದು ನಮಗೆ ತಡವಾಗಿ ಹೊಳೆಯಿತು.

ಮನೆಯಲ್ಲಿ ಚಿಕ್ಕವಳೊಬ್ಬಳು ಇದ್ದಾಳೆ ಅನ್ನುವುದನ್ನು ಈ ಗಲಾಟೆ ಮರೆಸಿಬಿಡುತ್ತದೆ. ಅವಳು ಊಟದ ಹೊತ್ತಿಗೆ ಕಿವಿ ಮುಚ್ಚಿಕೊಳ್ಳಲು ಶುರು ಮಾಡಿದ್ದಳು. ಆಮೇಲೆ ರಾತ್ರಿ ಊಟವನ್ನು ಅವಳಿಗೆ ಅಜ್ಜಿ ಬೇರೆ ಕೋಣೆಯಲ್ಲಿ ಬಡಿಸಿದರು. ಅಜ್ಜಿಗೂ ಒಂದು ವಿಷಯ ಹೇಳಿಕೊಡಬೇಕಾಯಿತು. ಪ್ರೀತಿಯಿಂದಲೇ "ಈಗ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾನೆ" ಅಂದಿದ್ದರು. ಆ ಒಂದು ಮಾತಿಗೆ ಅವನು ರಾತ್ರಿ ಊಟ ಬಿಟ್ಟ. ಚೇತರಿಸಿಕೊಳ್ಳುವ ಮಗುವಿನ ಮೈ ಬಗ್ಗೆ ಒಳ್ಳೆಯ ಮಾತೂ ಬೇಡ. ಏನು ಓದುತ್ತಿದ್ದೀಯ, ಮ್ಯಾಚ್ ನೋಡಿದ್ಯಾ ಅಂತ ಕೇಳಲಿ, ಸಾಕು.

ಯಾರೂ ಹೇಳದೇ ಇದ್ದ ಕೆಲವು ಸಂಗತಿಗಳು ನಮ್ಮನ್ನು ಹೆದರಿಸಿದವು. ತೂಕ ಮೊದಲು ಹೊಟ್ಟೆಯ ಸುತ್ತ ಕೂರುತ್ತದೆ, ಆಮೇಲೆ ಹರಡುತ್ತದೆ. ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುತ್ತಿತ್ತು. ಸ್ವಲ್ಪ ತಿಂದರೂ ಹೊಟ್ಟೆ ಉಬ್ಬರ, ಮಲಬದ್ಧತೆ. ಇವೆಲ್ಲ ಚೇತರಿಕೆಯಲ್ಲಿ ಸಾಮಾನ್ಯ ಅಂದರು ಡಾಕ್ಟರು. ಎಲ್ಲಕ್ಕಿಂತ ಕಷ್ಟವಾದದ್ದು, ತೂಕ ಬಂದರೂ ಮನಸ್ಸು ತಿಂಗಳುಗಟ್ಟಲೆ ಹಿಂದೆಯೇ ಉಳಿದದ್ದು. ನೋಡುವವರಿಗೆ ಹುಡುಗ ಸರಿಯಾಗಿದ್ದಾನೆ. ಒಳಗೆ ಅವನಿಗೆ ಆಗಲೇ ಜಾಸ್ತಿ ಕಷ್ಟ. ಅನೋರೆಕ್ಸಿಯಾವನ್ನೇ ಗುಣಪಡಿಸುವ ಮಾತ್ರೆ ಇಲ್ಲ, ಊಟವೇ ಔಷಧ ಅಂತ ಮನೋವೈದ್ಯರು ಹೇಳಿದ್ದರು. ಜೊತೆಗೆ ಆತಂಕ, ಖಿನ್ನತೆ ಇದ್ದರೆ ಅದಕ್ಕೆ ಬೇರೆ ಔಷಧಿ ಕೊಡಬಹುದು.

ಕಾಯುವ ಕೋಣೆಯಲ್ಲಿ ಬೇರೆ ಅಪ್ಪ ಅಮ್ಮಂದಿರ ಪರಿಚಯವೂ ಆಯಿತು. ಒಬ್ಬ ಹುಡುಗಿಗೆ ಬುಲಿಮಿಯಾ. ಒಮ್ಮೆಲೇ ತಡೆಯಲಾಗದಷ್ಟು ತಿಂದು, ಆಮೇಲೆ ವಾಂತಿ ಮಾಡಿಬಿಡುವುದು. ತೂಕ ಸರಿಯಾಗೇ ಇದ್ದದ್ದರಿಂದ ಮನೆಯಲ್ಲಿ ಗೊತ್ತೇ ಆಗಿರಲಿಲ್ಲ. ಹಲ್ಲಿನ ಎನಾಮಲ್ ಸವೆದದ್ದನ್ನು ಹಲ್ಲಿನ ಡಾಕ್ಟರು ಗುರುತಿಸಿದ್ದರು. ಪದೇಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯಕ್ಕೆ ತೊಂದರೆ. ಇನ್ನೊಬ್ಬ ಚಿಕ್ಕ ಹುಡುಗನಿಗೆ ತೆಳ್ಳಗಾಗುವ ಆಸೆ ಇರಲೇ ಇಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವ ಭಯಕ್ಕೆ ಊಟ ಬಿಟ್ಟಿದ್ದ. ಅದಕ್ಕೆ ಆರ್ಫಿಡ್ ಅನ್ನುತ್ತಾರೆ. ವಾಂತಿಯಿಲ್ಲದೆ ಗುಟ್ಟಾಗಿ ಅತಿಯಾಗಿ ತಿಂದು ನಾಚಿಕೆಯಲ್ಲಿ ಬೇಯುವ ಮಕ್ಕಳೂ ಇದ್ದಾರೆ. ಅವರನ್ನು ಬೈದು ಪಥ್ಯ ಮಾಡಿಸಿದರೆ ಕಾಯಿಲೆ ಹೆಚ್ಚುತ್ತದೆ.

ಅಪಾಯಿಂಟ್‌ಮೆಂಟಿಗೆ ಕಾಯುತ್ತಿರುವಾಗ ಮಗು ತಲೆ ಸುತ್ತಿ ಬಿದ್ದರೆ, ಎದೆ ನೋವು ಅಂದರೆ, ನೀರನ್ನೂ ನಿರಾಕರಿಸಿದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಸಾಯಬೇಕು ಅನಿಸುತ್ತದೆ ಅಂದರೆ ಕಾಯಬೇಡಿ. ಆವತ್ತೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ತನಗೆ ಏನೂ ಆಗಿಲ್ಲ ಅಂತ ಮಗು ಹೇಳಿದರೂ ಹೋಗಿ. ತನಗೆ ಕಾಯಿಲೆ ಇದೆ ಅಂತ ಅನಿಸದೇ ಇರುವುದೂ ಈ ಕಾಯಿಲೆಯ ಲಕ್ಷಣ.

ಎರಡನೇ ಹಂತದಲ್ಲಿ ಸಂಜೆಯ ತಿಂಡಿ ಅವನ ಆಯ್ಕೆಗೆ ಬಿಟ್ಟೆವು. ಕಡಿಮೆ ಆರಿಸಿಕೊಂಡ. ಮತ್ತೆ ನಾವೇ ಬಡಿಸಿದೆವು. ಸ್ವಲ್ಪ ದಿನ ಬಿಟ್ಟು ಮತ್ತೆ ಕೊಟ್ಟೆವು. ಹೀಗೆ ಹಿಂದೆ ಮುಂದೆ ಹೋಗುತ್ತಾ ಒಂದೊಂದಾಗಿ ಊಟಗಳು ಅವನ ಕೈಗೆ ಹೋದವು. ಒಂದು ದಿನ ಗೆಳೆಯರ ಜೊತೆ ಹೊರಗೆ ತಿಂದು ಬಂದು, ಏನು ತಿಂದೆ ಅಂತ ನಾನು ಕೇಳುವ ಮೊದಲೇ ಬೇರೇನೋ ಕಥೆ ಹೇಳಲು ಶುರು ಮಾಡಿದ. ಊಟ ಅವನ ಮಾತಿನ ಮಧ್ಯದಿಂದ ಹೋಗಿತ್ತು. ಆಗ ಮೊದಲ ಸಲ ನನಗೆ ನಂಬಿಕೆ ಬಂತು.

ಕೊನೆಯ ಭೇಟಿಯಲ್ಲಿ ಕಾಯಿಲೆ ಮರುಕಳಿಸಿದರೆ ಏನು ಮಾಡಬೇಕು ಅಂತ ಒಂದು ಹಾಳೆ ಬರೆಸಿದರು. ನಿಮ್ಮ ಥೆರಪಿಸ್ಟ್ ಹೇಳದಿದ್ದರೂ ಕೇಳಿ ಬರೆಸಿಕೊಳ್ಳಿ. ನಾವು ಗಮನಿಸಬೇಕಾದ ಲಕ್ಷಣಗಳು ಒಂದು ಕಡೆ, ಆಗ ಯಾರು ಏನು ಮಾಡಬೇಕು ಅನ್ನುವುದು ಇನ್ನೊಂದು ಕಡೆ. ಲಕ್ಷಣಗಳ ಭಾಗವನ್ನು ಮಗನೇ ಬರೆದ. "ಶಾಲೆಯಲ್ಲೇ ತಿಂದೆ ಅಂತ ಒಂದೇ ವಾರದಲ್ಲಿ ಎರಡು ಸಲ ಹೇಳಿದರೆ ನಂಬಬೇಡಿ, ಎದುರಿಗೆ ಕೂರಿಸಿ" ಅಂತ ಅದರಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಮುಂದಿನ ತಪಾಸಣೆ. ಎತ್ತರದ ಗೆರೆ ಮತ್ತೆ ಏರುತ್ತಿದೆ, ಹಾಗಾಗಿ ಅವನಿಗೆ ಇರಬೇಕಾದ ತೂಕವನ್ನು ಆಗ ಹೊಸದಾಗಿ ಲೆಕ್ಕ ಹಾಕುತ್ತಾರಂತೆ. ಬೆಳೆಯುವ ಮಕ್ಕಳಿಗೆ ಇದನ್ನು ಆಗಾಗ ಮೇಲಕ್ಕೆ ತಿದ್ದುತ್ತಲೇ ಇರಬೇಕು. ಮೊದಲು ಹೇಳಿದ ತೂಕಕ್ಕೆ ಬಂದನಲ್ಲ ಅಂತ ಅಲ್ಲಿಗೇ ನಿಲ್ಲಿಸಬೇಡಿ.